ಮಕ್ಕಳ ಬೊಜ್ಜು: ಹೌಸ್ ಸರ್ಜನ್‌ಗಳ ಕೈಗೂ ಬಾಯಿಗೂ ಕಲಿಸುವ ಬಗೆ

ಮಕ್ಕಳ ಒಪಿಡಿಗೆ ಬರುವ ದಪ್ಪ ಮಗು ದಪ್ಪಗಿದೆ ಎನ್ನುವ ಕಾರಣಕ್ಕೆ ಬರುವುದು ಅಪರೂಪ. ಕೆಮ್ಮು, ಮಂಡಿನೋವು, ರಾತ್ರಿ ಗೊರಕೆ, ‘ಕುತ್ತಿಗೆ ಕಪ್ಪಾಗಿದೆ ಡಾಕ್ಟ್ರೆ, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ’: ಹೀಗೆ ಬೇರೇನೋ ಹೇಳಿಕೊಂಡು ಬರುತ್ತದೆ. ಹೌಸ್ ಸರ್ಜನ್ (ಎಂಬಿಬಿಎಸ್‌ನ ಕೊನೆಗೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಎಳೆಯ ವೈದ್ಯರು) ಕೆಮ್ಮಿಗೆ ಸಿರಪ್ ಬರೆದು ಮುಂದಿನ ಚೀಟಿ ಕರೆಯುತ್ತಾರೆ. ತೂಕ ಚೀಟಿಯ ಮೂಲೆಯಲ್ಲಿ ಇರುತ್ತದೆ, ಅದೂ ಸಿರಪ್‌ನ ಡೋಸ್ ಲೆಕ್ಕ ಹಾಕಲು. ಎತ್ತರ ಇರುವುದಿಲ್ಲ. ಎತ್ತರ ಇಲ್ಲದ ಮೇಲೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಇಲ್ಲ, ಬಿಎಂಐ ಇಲ್ಲದ ಮೇಲೆ ಬೊಜ್ಜು ಯಾರ ಕಣ್ಣಿಗೂ ಬಿದ್ದಿಲ್ಲ.

2019ರಿಂದ ಜಾರಿಯಲ್ಲಿರುವ ಎಂಬಿಬಿಎಸ್ ಪಠ್ಯಕ್ರಮದ ಪೀಡಿಯಾಟ್ರಿಕ್ಸ್ ಭಾಗದಲ್ಲಿ ಮಕ್ಕಳ ಬೊಜ್ಜಿಗೆ ಪ್ರತ್ಯೇಕ ಅಧ್ಯಾಯವೇ ಇದೆ. ಆದ್ದರಿಂದ ಕಾರಣಗಳ ಪಟ್ಟಿ ಕೇಳಿದರೆ ನಮ್ಮ ಹೌಸ್ ಸರ್ಜನ್ ಹುಡುಗರು ಒಪ್ಪಿಸುತ್ತಾರೆ. ಅವರಿಗೆ ಬಾರದಿರುವುದು ಮೂರು ಕೆಲಸ: ಸರಿಯಾಗಿ ಅಳೆಯುವುದು, ಅಳೆದದ್ದನ್ನು ಚಾರ್ಟ್‌ನಲ್ಲಿ ಗುರುತಿಸುವುದು, ಮನೆಯವರ ಮನಸ್ಸು ನೋಯಿಸದೆ ವಿಷಯ ಎತ್ತುವುದು. ಮೂರೂ ಲೆಕ್ಚರ್‌ನಿಂದ ಬರುವಂಥವಲ್ಲ. ಕೆಳಗಿನ ಕ್ರಮ ಆರರಿಂದ ಎಂಟು ಜನರ ತಂಡಕ್ಕೆ, ತಲಾ ಒಂದೂವರೆ ಗಂಟೆಯ ನಾಲ್ಕು ಮಧ್ಯಾಹ್ನಗಳಿಗೆ ಹೊಂದುತ್ತದೆ. ಉಳಿದದ್ದು ಒಪಿಡಿಯಲ್ಲೇ ನಡೆಯಬೇಕು.

ಮೊದಲ ಮಧ್ಯಾಹ್ನ: ಬರೀ ಅಳತೆ

ಸ್ಲೈಡ್ ಬೇಡ. ಗೋಡೆಗೆ ಬಿಗಿದ ಸ್ಟೇಡಿಯೋಮೀಟರ್ (ಎತ್ತರ ಅಳೆಯುವ ಹಲಗೆ), ಡಿಜಿಟಲ್ ತೂಕದ ಯಂತ್ರ, ಹಿಗ್ಗದ ಟೇಪು, ಮೂರು ಅಳತೆಯ ಬಿಪಿ ಕಫ್ (ತೋಳಿಗೆ ಸುತ್ತುವ ಪಟ್ಟಿ), ಅಳೆಸಿಕೊಳ್ಳಲು ಒಪ್ಪುವ ಎರಡು ಮೂರು ಮಕ್ಕಳು ಇದ್ದರೆ ಸಾಕು.

ತೂಕದ ಯಂತ್ರದಿಂದ ಶುರು ಮಾಡಿ. ಗಟ್ಟಿ, ಸಮತಟ್ಟಾದ ನೆಲದ ಮೇಲಿರಬೇಕು. ಗೊತ್ತಿರುವ ತೂಕದ ಬಟ್ಟನ್ನು (10 ಕೆ.ಜಿ. ಇದ್ದರೆ ಒಳ್ಳೆಯದು) ವಾರಕ್ಕೊಮ್ಮೆ ಇಟ್ಟು ನೋಡಿ, ಓದು ಬರೆದಿಡುವ ರೂಢಿಯನ್ನು ಅವರ ಕೈಯಲ್ಲೇ ಮಾಡಿಸಿ. ಸ್ಪ್ರಿಂಗಿನ ಯಂತ್ರ ಬೇಡ, ಬಳಸಿದಂತೆ ಸುಳ್ಳು ಹೇಳಲು ಶುರು ಮಾಡುತ್ತದೆ. ಶೂ, ಸ್ವೆಟರ್, ಬೆಲ್ಟು ತೆಗೆಸಬೇಕು. ಯೂನಿಫಾರಂ ಜೇಬು ತಡಕಿ ನೋಡಲಿ.

ಎತ್ತರದಲ್ಲಿ ಆಗುವ ತಪ್ಪು ಹೆಚ್ಚು ದುಬಾರಿ. ಹಿಮ್ಮಡಿ, ಪೃಷ್ಠ, ಭುಜದ ಹಿಂಭಾಗ ಹಲಗೆಗೆ ತಾಗಬೇಕು. ತುಂಬ ದಪ್ಪ ಮಗುವಿಗೆ ಎಲ್ಲವೂ ಒಟ್ಟಿಗೆ ತಾಗುವುದಿಲ್ಲ, ಆಗ ಒತ್ತಿ ಹಿಡಿಯದೆ ಬೆನ್ನು ನೇರವಾಗಿದ್ದರೆ ಸಾಕೆಂದು ಬಿಡಬೇಕು. ಕಣ್ಣುಗೂಡಿನ ಕೆಳ ಅಂಚು ಮತ್ತು ಕಿವಿಯ ತೂತು ಒಂದೇ ಅಡ್ಡಗೆರೆಯಲ್ಲಿರಲಿ. ಎತ್ತಿ ಕಟ್ಟಿದ ಜುಟ್ಟು, ತಲೆಯ ಮೇಲೆ ಬರುವ ಜಡೆ, ಕ್ಲಿಪ್ಪು ಬಿಚ್ಚಿಸಬೇಕು. ಇದಕ್ಕೆ ಸಂಕೋಚಪಟ್ಟವರೆಲ್ಲ ಹುಡುಗಿಯರ ಎತ್ತರವನ್ನು ಎರಡು ಸೆಂ.ಮೀ. ಹೆಚ್ಚಿಗೆ ಬರೆಯುತ್ತಾರೆ. ಓದುವುದು 0.1 ಸೆಂ.ಮೀ.ವರೆಗೆ, ಕಣ್ಣು ಅಳತೆಯ ಮಟ್ಟಕ್ಕೇ ಇಟ್ಟು.

ಎರಡು ಸೆಂಟಿಮೀಟರಿಗೆ ಇಷ್ಟು ಗಲಾಟೆ ಏಕೆ ಎಂದು ಯಾರಾದರೂ ಕೇಳಿದರೆ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ. 42 ಕೆ.ಜಿ. ತೂಕ, 135 ಸೆಂ.ಮೀ. ಎತ್ತರದ ಹುಡುಗನ ಬಿಎಂಐ 42 ÷ (1.35 × 1.35) = 23. ಅದೇ ಹುಡುಗನನ್ನು 133 ಎಂದು ಬರೆದರೆ 23.7. ಮುಂದಿನ ಭೇಟಿಯಲ್ಲಿ ಇನ್ನೊಬ್ಬರು ಸರಿಯಾಗಿ ಅಳೆದರೆ, ಏನೂ ಬದಲಾಗದೆಯೇ ಮಗು ‘ಇಳಿದಿದೆ’ ಎನಿಸಿಕೊಳ್ಳುತ್ತದೆ.

ಬಳಿಕ ಒಂದೇ ಮಗುವನ್ನು ತಂಡದ ಎಲ್ಲರೂ ಒಬ್ಬರ ಅಂಕಿ ಇನ್ನೊಬ್ಬರಿಗೆ ತೋರಿಸದೆ ಅಳೆದು ಚೀಟಿಯಲ್ಲಿ ಬರೆದು ಕೊಡಲಿ. ಎಲ್ಲವನ್ನೂ ಬೋರ್ಡಿಗೆ ಹಾಕಿ. ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದವರು ಮತ್ತೆ ಅಳೆಯಬೇಕು. ಈ ಒಂದು ಆಟ ಒಂದು ಗಂಟೆಯ ಬೋಧನೆಗಿಂತ ಹೆಚ್ಚು ಕಲಿಸುತ್ತದೆ.

ಸೊಂಟದ ಸುತ್ತಳತೆ: ಕೊನೆಯ ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವೆ, ಬರಿಮೈ ಮೇಲೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ. ಅದು ಎತ್ತರದ ಅರ್ಧಕ್ಕೆ ಬಂದಿದ್ದರೆ ಅಥವಾ ಮೀರಿದ್ದರೆ ಹೊಟ್ಟೆಯ ಕೊಬ್ಬು ಹೆಚ್ಚಾಗಿದೆ ಎಂದು ತಿಳಿಯಬೇಕು. ಚಾರ್ಟ್ ಬೇಕಿಲ್ಲದ ಅಳತೆ ಇದು, ಶಾಲಾ ತಪಾಸಣೆಗೆ ಹೋದಾಗ ಬಹಳ ಅನುಕೂಲ.

ಬಿಪಿ ನೋಡುವಾಗ ಕಫ್‌ನ ಒಳಗಿನ ರಬ್ಬರ್ ಚೀಲದ ಅಗಲ ತೋಳಿನ ನಡುಸುತ್ತಿನ ಶೇ. 40 ಆದರೂ ಇರಬೇಕು, ಉದ್ದ ಶೇ. 80ರಿಂದ 100ರಷ್ಟು ತೋಳನ್ನು ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಬಿಪಿ ಇಲ್ಲದ ಮಗುವಿಗೆ ಬಿಪಿ ಅಂಟಿಸಿದಂತಾಗುತ್ತದೆ. ಎಷ್ಟೋ ವಾರ್ಡುಗಳಲ್ಲಿ ‘ಮಕ್ಕಳ ಕಫ್’ ಎಂದು ಒಂದೇ ಒಂದು ಇರುತ್ತದೆ. ಹತ್ತು ವರ್ಷದ ದಪ್ಪ ಹುಡುಗನಿಗೆ ದೊಡ್ಡವರ ಕಫ್ಫೇ ಬೇಕಾಗಬಹುದು.

ಎರಡನೇ ಮಧ್ಯಾಹ್ನ: ಚಾರ್ಟ್, ಮತ್ತು ಯಾವ ಮಗುವನ್ನು ಮುಂದೆ ಕಳಿಸಬೇಕು

ಹುಟ್ಟಿದ ದಿನಾಂಕ ತಾಯಿ ಕಾರ್ಡಿನಿಂದ ಅಥವಾ ಜನನ ಪ್ರಮಾಣಪತ್ರದಿಂದ ತೆಗೆದುಕೊಳ್ಳಬೇಕು. ವಯಸ್ಸು ವರ್ಷ ಮತ್ತು ತಿಂಗಳಲ್ಲಿರಲಿ, ‘ಒಂಬತ್ತು ನಡೀತಿದೆ’ ಎಂಬ ಲೆಕ್ಕ ಚಾರ್ಟಿಗೆ ಸಾಲದು. 5 ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟ್, 5ರಿಂದ 18ರವರೆಗೆ ಭಾರತೀಯ ಮಕ್ಕಳ ತಜ್ಞರ ಸಂಘದ (ಐಎಪಿ) 2015ರ ಚಾರ್ಟ್. ಎರಡು ವರ್ಷದೊಳಗೆ ಬಿಎಂಐ ಬದಲು ಉದ್ದಕ್ಕೆ ತಕ್ಕ ತೂಕ ನೋಡುವುದು ವಾಡಿಕೆ.

ಐದರೊಳಗಿನ ಮಗು +2 ಎಸ್‌ಡಿ (ಸರಾಸರಿಯಿಂದ ಎಷ್ಟು ದೂರ ಎಂದು ತೋರಿಸುವ ಚಾರ್ಟಿನ ಗೆರೆ) ದಾಟಿದರೆ ಅತಿತೂಕ, +3 ದಾಟಿದರೆ ಬೊಜ್ಜು. ಐಎಪಿ ಚಾರ್ಟ್‌ನಲ್ಲಿ ನೋಡಬೇಕಾದದ್ದು ‘23’ (ಅತಿತೂಕ) ಮತ್ತು ‘27’ (ಬೊಜ್ಜು) ಎಂಬ ಎರಡು ಗೆರೆ. ಇಲ್ಲೇ ಹುಡುಗರು ಎಡವುವುದು. ಅದರ ಅರ್ಥ ಮಗುವಿನ ಬಿಎಂಐ 23 ಇದ್ದರೆ ಅತಿತೂಕ ಎಂದಲ್ಲ. ಆ ಗೆರೆಯನ್ನೇ ಹಿಡಿದು ಬೆಳೆದ ಮಗು ದೊಡ್ಡವರ ವಯಸ್ಸಿಗೆ ಬಂದಾಗ 23ಕ್ಕೆ ಅಥವಾ 27ಕ್ಕೆ ಬಂದು ನಿಲ್ಲುತ್ತದೆ ಎಂದು. ಮೇಲೆ ಹೇಳಿದ ಹುಡುಗನಿಗೆ ಒಂಬತ್ತು ವರ್ಷ. ಅವನ 23 ಅನ್ನು ದೊಡ್ಡವರ ಅಳತೆಗೋಲಿನಲ್ಲಿ ನೋಡಿದರೆ ‘ನಾರ್ಮಲ್’ಗೆ ಹತ್ತಿರ, ಚಾರ್ಟಿನಲ್ಲಿ ಇಟ್ಟರೆ ಬೊಜ್ಜಿನ ಗೆರೆಯಿಂದ ಮೇಲೆ. ಇದೇ ಹುಡುಗನನ್ನು ಎಲ್ಲರಿಂದಲೂ ಚಾರ್ಟಿನಲ್ಲಿ ಗುರುತು ಹಾಕಿಸಿ.

ಬಿಳಿಯರಿಗೆ ಬಳಸುವ 25, 30ರ ಬದಲು ನಮ್ಮವರಿಗೆ 23, 27 ಏಕೆ? ಅಷ್ಟೇ ಬಿಎಂಐಗೆ ಬಿಳಿಯರಿಗಿಂತ ನಮ್ಮ ಮೈಯಲ್ಲಿ ಕೊಬ್ಬು, ಅದರಲ್ಲೂ ಹೊಟ್ಟೆಯ ಕೊಬ್ಬು, ಹೆಚ್ಚು. ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಹಿಡಿಯುತ್ತದೆ.

ಒಂದು ಚುಕ್ಕೆಗಿಂತ ಎರಡು ಮೂರು ಚುಕ್ಕೆಗಳ ದಾರಿ ಹೆಚ್ಚು ಹೇಳುತ್ತದೆ. ಮಗುವಿನ ಬಿಎಂಐ ಒಂದು ವರ್ಷದ ನಂತರ ಇಳಿಯುತ್ತ ಬಂದು, ಐದಾರು ವರ್ಷದ ಹೊತ್ತಿಗೆ ತಳ ಮುಟ್ಟಿ, ಮತ್ತೆ ಏರುವುದು ಸಹಜ. ಮೂರು ನಾಲ್ಕು ವರ್ಷಕ್ಕೇ ಏರತೊಡಗಿದರೆ ಅದು ಮುಂದಿನ ಬೊಜ್ಜಿನ ಮುನ್ಸೂಚನೆ, ಗೆರೆ ದಾಟುವವರೆಗೆ ಕಾಯಬೇಕಿಲ್ಲ.

ಈಗ ಕಾರಣ. ತಂದೆತಾಯಿಗೂ ಹೌಸ್ ಸರ್ಜನ್‌ಗೂ ಮೊದಲು ಬಾಯಿಗೆ ಬರುವುದು ‘ಥೈರಾಯ್ಡ್ ಇರಬೇಕು’. ಬಿಡಿಸಿಕೊಳ್ಳುವ ದಾರಿ ಎತ್ತರದಲ್ಲೇ ಇದೆ. ತಿಂದು, ಕೂತು ಬಂದ ಬೊಜ್ಜಿನಲ್ಲಿ ಮಗು ವಯಸ್ಸಿಗೆ ತಕ್ಕಷ್ಟು ಅಥವಾ ಹೆಚ್ಚು ಎತ್ತರವಿರುತ್ತದೆ. ದಪ್ಪಗಿದ್ದೂ ಕುಳ್ಳಗಿದ್ದರೆ, ಅಥವಾ ತೂಕ ಏರುತ್ತ ಎತ್ತರ ನಿಂತುಹೋಗಿದ್ದರೆ ಹಾರ್ಮೋನಿನ ಕಡೆ ನೋಡಬೇಕು: ಹೈಪೋಥೈರಾಯ್ಡ್ (ಥೈರಾಯ್ಡ್ ಕೊರತೆ), ಕುಶಿಂಗ್ (ಮೈಯಲ್ಲಿ ಸ್ಟೀರಾಯ್ಡ್ ಹೆಚ್ಚಾಗುವುದು), ಬೆಳವಣಿಗೆಯ ಹಾರ್ಮೋನಿನ ಕೊರತೆ. ಎತ್ತರ ಚೆನ್ನಾಗಿರುವ ದಪ್ಪ ಮಗುವಿನ ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 5ರಿಂದ 10ರ ನಡುವೆ, ಎಫ್‌ಟಿ4 ಸರಿಯಾಗಿ ಬಂದರೆ ಅದು ಸಾಮಾನ್ಯವಾಗಿ ಬೊಜ್ಜಿನ ಫಲವೇ ಹೊರತು ಕಾರಣವಲ್ಲ. ಅಂಥ ಮಗುವಿಗೆ ಥೈರಾಕ್ಸಿನ್ ಮಾತ್ರೆ ಹಚ್ಚಿದರೆ ತೂಕವೂ ಇಳಿಯುವುದಿಲ್ಲ, ಮನೆಯವರು ಊಟ-ಆಟದ ಮಾತನ್ನು ಕಿವಿಗೂ ಹಾಕಿಕೊಳ್ಳುವುದಿಲ್ಲ.

ಕುಶಿಂಗ್ ಎಂದರೆ ಗೆಡ್ಡೆ ಹುಡುಕುವ ಮೊದಲು ಹೊರಗಿನಿಂದ ಬಂದ ಸ್ಟೀರಾಯ್ಡ್ ಹುಡುಕಲು ಕಲಿಸಿ. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆಗೆ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದವು: ಚರ್ಮದ ಗುಳ್ಳೆಗೆಂದು ತಿಂಗಳುಗಟ್ಟಲೆ ಹಚ್ಚಿದ ಮುಲಾಮು, ಉಬ್ಬಸಕ್ಕೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ. ‘ಬೇರೆ ಎಲ್ಲಾದರೂ ಔಷಧಿ, ಪುಡಿ, ಎಣ್ಣೆ, ಮುಲಾಮು ತಗೊಂಡಿದ್ರಾ? ಚೀಟಿ, ಡಬ್ಬಿ ಇದ್ರೆ ತನ್ನಿ’ ಎಂದು ಕೇಳುವ ವಾಕ್ಯವನ್ನೇ ರೂಢಿಸಬೇಕು. ಫಿಟ್ಸ್‌ನ ವಾಲ್‌ಪ್ರೊಯೇಟ್, ನಡವಳಿಕೆಯ ತೊಂದರೆಗೆ ಕೊಡುವ ರಿಸ್ಪೆರಿಡೋನ್ ಸಹ ತೂಕ ಏರಿಸುತ್ತವೆ.

ಐದು ವರ್ಷಕ್ಕೆ ಮೊದಲೇ ವಿಪರೀತ ಬೊಜ್ಜು, ತಣಿಯದ ಹಸಿವು ಇದ್ದರೆ ಅನುವಂಶೀಯ ಕಾರಣ ಯೋಚಿಸಬೇಕು. ಹಸುಗೂಸಾಗಿದ್ದಾಗ ಮೈ ಮೆತ್ತಗೆ, ಹಾಲು ಎಳೆಯಲು ಕಷ್ಟ, ಆಮೇಲೆ ತಿಂದಷ್ಟೂ ಸಾಲದು ಎಂದಾದರೆ ಪ್ರೇಡರ್-ವಿಲ್ಲಿ. ಆರು ಬೆರಳು, ಇರುಳುಗುರುಡು, ಓದಿನಲ್ಲಿ ಹಿಂದೆ ಇದ್ದರೆ ಬಾರ್ಡೆಟ್-ಬೀಡಲ್. ಎರಡನೆಯದು ತಂದೆತಾಯಿ ಇಬ್ಬರಿಂದಲೂ ಬರಬೇಕಾದದ್ದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಇನ್ನೂ ಉಳಿದಿರುವ ನಮ್ಮ ಕಡೆ ‘ಸಂಬಂಧದಲ್ಲೇ ಮದುವೆಯಾ?’ ಎಂಬ ಪ್ರಶ್ನೆ ಬಿಡುವಂತಿಲ್ಲ.

ಮೈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವ ಕೆಲವು ಹೀಗಿವೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಚರ್ಮ ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಗುರುತು. ತಾಯಿಗೆ ಉಜ್ಜುವುದು ನಿಲ್ಲಿಸಲು ಹೇಳಬೇಕು. ಹುಡುಗನ ಶಿಶ್ನ ಸಣ್ಣದು ಎಂಬ ಆತಂಕದಿಂದ ಬಂದರೆ ಬುಡದ ಕೊಬ್ಬನ್ನು ಮೂಳೆಯವರೆಗೆ ಒತ್ತಿ ಹಿಡಿದು, ಎಳೆದು ಅಳೆಯಬೇಕು. ಹೆಚ್ಚಿನವರಲ್ಲಿ ಅದು ಕೊಬ್ಬಿನಲ್ಲಿ ಹುದುಗಿರುತ್ತದೆ ಅಷ್ಟೆ. ಮಂಡಿನೋವೆಂದು ಕುಂಟುತ್ತ ಬಂದ ದಪ್ಪ ಹುಡುಗನ ಸೊಂಟದ ಕೀಲನ್ನು ತಿರುಗಿಸಿ ನೋಡದೆ ಕಳಿಸುವಂತಿಲ್ಲ. ತೊಡೆಮೂಳೆಯ ತಲೆ ಜಾರಿದ್ದರೆ ನೋವು ಮಂಡಿಯಲ್ಲೇ ಕಾಣಿಸಬಹುದು. ಎರಡೂ ಸೊಂಟದ ಎಕ್ಸ್-ರೇ (ನೇರ ಮತ್ತು ಕಪ್ಪೆಕಾಲಿನ ಭಂಗಿ) ತೆಗೆಸಿ, ಕಾಲೂರಲು ಬಿಡದೆ ಅಂದೇ ಮೂಳೆ ತಜ್ಞರಿಗೆ ಕಳಿಸಬೇಕು. ಬೆಳಗಿನ ತಲೆನೋವು, ಮಂಜು ದೃಷ್ಟಿ ಇದ್ದರೆ ಕಣ್ಣಿನ ಒಳಭಾಗ ನೋಡಬೇಕು. ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುವುದು, ತರಗತಿಯಲ್ಲಿ ತೂಕಡಿಕೆ ಇದ್ದರೆ ನಿದ್ದೆಯ ಪರೀಕ್ಷೆಗೆ ಕಳಿಸಬೇಕು.

ರಕ್ತ ಪರೀಕ್ಷೆಯ ವಿಷಯ ಬೇಗ ಮುಗಿಸಬಹುದು. ಬೊಜ್ಜಿರುವ 10 ವರ್ಷ ಮೇಲ್ಪಟ್ಟವರಿಗೆ, ಅಥವಾ ಕುತ್ತಿಗೆ ಕಪ್ಪಾಗಿರುವ, ಮನೆಯಲ್ಲಿ ಸಕ್ಕರೆ ಕಾಯಿಲೆಯಿರುವ ಸಣ್ಣವರಿಗೂ: ಖಾಲಿ ಹೊಟ್ಟೆಯ ಸಕ್ಕರೆ (100ರಿಂದ 125 ಎಚ್ಚರಿಕೆ, 126 ಮತ್ತು ಮೇಲೆ ಮಧುಮೇಹ), ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ (5.7ರಿಂದ 6.4 ಎಚ್ಚರಿಕೆ, 6.5ರಿಂದ ಮಧುಮೇಹ), ಲಿಪಿಡ್ (ರಕ್ತದ ಕೊಬ್ಬು), ಎಎಲ್‌ಟಿ (ಪಿತ್ತಜನಕಾಂಗದ ಪರೀಕ್ಷೆ). ಎಎಲ್‌ಟಿಯಲ್ಲಿ ಲ್ಯಾಬ್ ಚೀಟಿಯ ‘40ರವರೆಗೆ ನಾರ್ಮಲ್’ ನಂಬಬಾರದು. ಹುಡುಗರಿಗೆ 26, ಹುಡುಗಿಯರಿಗೆ 22 ಮೇಲಿನ ಮಿತಿ. ಅದರ ಎರಡು ಪಟ್ಟು ಮೀರಿ ಮೂರು ತಿಂಗಳು ನಿಂತರೆ ಪಿತ್ತಜನಕಾಂಗದ ತನಿಖೆ ಬೇಕು. ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಒಂದನ್ನೇ ನೆಚ್ಚುವಂತಿಲ್ಲ, ನಮ್ಮ ಹೆಣ್ಣುಮಕ್ಕಳಲ್ಲಿ ಅದು ಸಾಮಾನ್ಯ. ಇನ್ಸುಲಿನ್ ಮಟ್ಟ, ಕಾರ್ಟಿಸಾಲ್ ಎಲ್ಲರಿಗೂ ಬರೆಯುವುದು ದುಡ್ಡು ದಂಡ.

ಮೂರನೇ ಮಧ್ಯಾಹ್ನ: ಮಾತು

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ನರ್ಸ್ ಒಬ್ಬರು ತಾಯಿಯಾಗಿ, ಇನ್ನೊಬ್ಬರು ಅಜ್ಜಿಯಾಗಿ ಕೂರಲಿ. ಅಜ್ಜಿ ಇರಲೇಬೇಕು. ಮನೆಯಲ್ಲಿ ಮಗುವಿನ ತಟ್ಟೆಗೆ ಬಡಿಸುವವರು ಹಲವೆಡೆ ಅವರೇ, ಅವರನ್ನು ಬಿಟ್ಟು ತಾಯಿಗೆ ಮಾತ್ರ ಹೇಳಿದ ಸಲಹೆ ಮನೆ ಬಾಗಿಲು ದಾಟುವುದಿಲ್ಲ.

ಕಲಿಯುವವರು ಮೊದಲ ಸಲ ಹೇಳುವುದು ಸಾಮಾನ್ಯವಾಗಿ ಹೀಗಿರುತ್ತದೆ: ‘ನಿಮ್ಮ ಮಗ ತುಂಬಾ ದಪ್ಪ ಇದಾನೆ, ಜಂಕ್ ಫುಡ್ ಬಿಡಿಸಿ, ವಾಕಿಂಗ್ ಮಾಡಿಸಿ.’ ಹತ್ತು ಸೆಕೆಂಡು. ತಾಯಿ ತಲೆ ಅಲ್ಲಾಡಿಸುತ್ತಾರೆ, ಹುಡುಗ ನೆಲ ನೋಡುತ್ತಾನೆ, ಮತ್ತೆ ಬರುವುದಿಲ್ಲ. ಬದಲಿಗೆ:

‘ಅಮ್ಮ, ಕೆಮ್ಮಿಗೆ ಔಷಧಿ ಬರ್ದಿದೀನಿ. ಎತ್ತರ, ತೂಕನೂ ನೋಡಿದ್ವಿ. ಅದರ ಬಗ್ಗೆ ಎರಡು ನಿಮಿಷ ಮಾತಾಡೋಣ್ವಾ?’

ಒಪ್ಪಿದ ಮೇಲೆ ಚಾರ್ಟ್ ತಿರುಗಿಸಿ ತೋರಿಸಬೇಕು: ‘ಎತ್ತರ ಚೆನ್ನಾಗಿ ಬೆಳೀತಿದೆ. ತೂಕ ಅದಕ್ಕಿಂತ ಬೇಗ ಓಡ್ತಿದೆ, ಈ ಗೆರೆ ದಾಟಿದೆ. ನಿಮಗೇನನ್ನಿಸುತ್ತೆ?’ ಇಷ್ಟು ಹೇಳಿ ಸುಮ್ಮನಾಗಬೇಕು. ಸುಮ್ಮನಾಗುವುದೇ ಕಷ್ಟದ ಭಾಗ, ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ. ಡುಮ್ಮ, ದಡೂತಿ ತಮಾಷೆಗೂ ಬೇಡ. ‘ಬೊಜ್ಜು’ ಪದ ಕೇಸ್ ಶೀಟಿಗೆ ಇರಲಿ, ಮಗುವಿನ ಎದುರು ‘ತೂಕ’ ಸಾಕು.

ಬರುವ ಉತ್ತರಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ‘ನಮ್ಮ ವಂಶವೇ ಹೀಗೆ’ ಎಂದರೆ ವಾದಕ್ಕಿಳಿಯದೆ ‘ವಂಶದಲ್ಲಿ ಸಕ್ಕರೆ ಕಾಯಿಲೆ, ಬಿಪಿ ಯಾರಿಗಾದರೂ ಇದೆಯಾ?’ ಎಂದು ಕೇಳಬೇಕು; ಅಲ್ಲಿಂದ ದಾರಿ ತೆರೆಯುತ್ತದೆ. ‘ಬೆಳೆಯೋ ಮಗು, ಉದ್ದ ಆದಾಗ ಇಳಿಯುತ್ತೆ’ ಎಂದರೆ ಅದರಲ್ಲಿ ಅರ್ಧ ನಿಜವಿದೆ, ಅದನ್ನೇ ಗುರಿಯಾಗಿಸಿ: ‘ಇಳಿಸೋದು ಬೇಡ ಅಜ್ಜಿ. ಒಂದು ವರ್ಷ ತೂಕ ಇಷ್ಟರಲ್ಲೇ ನಿಲ್ಲಿಸಿದ್ರೆ ಸಾಕು, ಎತ್ತರ ತಾನೇ ಸರಿ ಮಾಡುತ್ತೆ.’ ಲೆಕ್ಕವೂ ಹಾಗೇ ಇದೆ: ನಮ್ಮ 42 ಕೆ.ಜಿ. ಹುಡುಗ ವರ್ಷದಲ್ಲಿ 5 ಸೆಂ.ಮೀ. ಬೆಳೆದು 140 ಆದಾಗ, ತೂಕ ಏರದಿದ್ದರೆ, ಬಿಎಂಐ 23ರಿಂದ 21.4ಕ್ಕೆ ಬರುತ್ತದೆ. ಬೊಜ್ಜು ಹೆಚ್ಚಿದ್ದರೆ ಈ ವಯಸ್ಸಿನಲ್ಲಿ ತಿಂಗಳಿಗೆ ಅರ್ಧ ಕೆ.ಜಿ. ಇಳಿದರೂ ಚೆನ್ನಾಯಿತು. ದೊಡ್ಡ ಹುಡುಗರಲ್ಲೂ ವಾರಕ್ಕೆ 1 ಕೆ.ಜಿ. ಮೀರಬಾರದು.

ಹದಿನೈದರ ಹುಡುಗಿಯಾದರೆ ಸ್ವಲ್ಪ ಹೊತ್ತು ತಾಯಿಯನ್ನು ಹೊರಗೆ ಕೂರಿಸಿ ಮಾತಾಡಬೇಕು, ಜೊತೆಗೆ ಮಹಿಳಾ ಸಿಬ್ಬಂದಿ ಇರಲಿ. ಮುಟ್ಟು ಸರಿಯಾಗಿ ಆಗುತ್ತಿದೆಯೇ, ಶಾಲೆಯಲ್ಲಿ ಹೆಸರಿಟ್ಟು ಕರೆಯುತ್ತಾರೆಯೇ, ಊಟ ಬಿಡುವುದು, ತಿಂದು ವಾಂತಿ ಮಾಡುವುದು ಇದೆಯೇ, ಬೇಸರ ಎಷ್ಟು ದಿನದಿಂದ. ಈ ಪ್ರಶ್ನೆಗಳನ್ನು ಕೇಳದೆ ಊಟದ ಪಟ್ಟಿ ಕೊಟ್ಟರೆ ಊಟ ಬಿಡುವ ಕಾಯಿಲೆಗೆ ನಾವೇ ದಾರಿ ತೋರಿದಂತೆ.

ಊಟದ ಹಿಸ್ಟರಿ

‘ಏನು ತಿನ್ನುತ್ತಾನೆ?’ ಎಂದರೆ ‘ಏನೂ ತಿನ್ನಲ್ಲ ಡಾಕ್ಟ್ರೆ’ ಎಂಬ ಉತ್ತರ ಖಾತ್ರಿ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಹೆಜ್ಜೆ ಹೆಜ್ಜೆಯಾಗಿ ಕೇಳಬೇಕು, ಜೊತೆಗೆ ಒಂದು ಭಾನುವಾರದ್ದೂ. ಅಳತೆ ಲೋಟ, ಸೌಟು, ಬಟ್ಟಲಿನಲ್ಲಿ. ಇವನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಶಾಲೆಯಿಂದ ಬಂದು ಟ್ಯೂಷನ್‌ಗೆ ಹೋಗುವ ನಡುವಿನ ಹೊತ್ತನ್ನು ಪ್ರತ್ಯೇಕವಾಗಿ ಕೆದಕಬೇಕು. ಬೇಕರಿಯ ಪಫ್ಸ್, ಗೋಬಿ ಮಂಚೂರಿ, ಐದು ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣ ಅಡಗಿರುವುದು ಅಲ್ಲಿ.

ಎಣ್ಣೆಯನ್ನು ಚಮಚದಲ್ಲಿ ಕೇಳಿದರೆ ತಿಳಿಯದು. ತಿಂಗಳಿಗೆ ಎಷ್ಟು ಲೀಟರ್, ಊಟ ಮಾಡುವವರು ಎಷ್ಟು ಜನ ಎಂದು ಕೇಳಿ. ನಾಲ್ಕು ಜನರ ಮನೆಗೆ 5 ಲೀಟರ್ ಎಂದರೆ ತಲೆಗೆ ದಿನಕ್ಕೆ ಸುಮಾರು 42 ಮಿ.ಲೀ., ಅಂದರೆ 340 ಕ್ಯಾಲೊರಿ ಎಣ್ಣೆಯಿಂದಲೇ. ಸಕ್ಕರೆಯೂ ಹಾಗೆ: ದಿನಕ್ಕೆ ಮೂರು ಲೋಟ ಹಾಲು, ಲೋಟಕ್ಕೆ ಎರಡು ಚಮಚದಂತೆ, 30 ಗ್ರಾಂ, 120 ಕ್ಯಾಲೊರಿ. ‘ಶಕ್ತಿ’ಗೆಂದು ಹಾಕುವ ಪುಡಿಯಲ್ಲಿನ ಸಕ್ಕರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ರಾಗಿಯ ಬಗ್ಗೆ ಒಂದು ಮಾತು. ಅನ್ನ ಬಿಟ್ಟು ಮುದ್ದೆ ಹಿಡಿದರೆ ತೂಕ ಇಳಿಯುತ್ತದೆಂದು ವೈದ್ಯರೇ ಹೇಳುವುದುಂಟು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು, ನಿಜ. ಆದರೆ 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಷ್ಟೇ ಅಕ್ಕಿಗಿಂತ ತುಸುವೇ ಕಡಿಮೆ. ಮುದ್ದೆಯ ಗಾತ್ರ ಕೇಳದೆ ಹೊಗಳಬಾರದು.

ಒಂದು ಭೇಟಿಗೆ ಒಂದು ಅಥವಾ ಎರಡೇ ಬದಲಾವಣೆ, ಮನೆಯವರೇ ಆರಿಸಿದ್ದು. ಹೊಳೆಯದಿದ್ದರೆ ಈ ಕ್ರಮ ಸೂಚಿಸಬಹುದು: ಮೊದಲು ಸಿಹಿ ಪಾನೀಯ, ಹಾಲಿನ ಸಕ್ಕರೆ, ನಂತರ ಪೊಟ್ಟಣ ಮತ್ತು ಬೇಕರಿ ತಿಂಡಿಗೆ ಬದಲು ಹುರಿದ ಕಡಲೆ, ಹಣ್ಣು, ಉಸಲಿ, ಆಮೇಲೆ ತಟ್ಟೆಯಲ್ಲಿ ಅರ್ಧ ಪಲ್ಯ-ಕೋಸಂಬರಿ, ಕಾಲು ಭಾಗ ಅನ್ನ ಅಥವಾ ಮುದ್ದೆ, ಕಾಲು ಭಾಗ ಬೇಳೆ, ಮೊಟ್ಟೆ, ಮೀನು, ಮೊಸರು, ಕೊನೆಗೆ ಎಣ್ಣೆ. 1200 ಕ್ಯಾಲೊರಿಯ ಅಚ್ಚು ಹಾಕಿದ ಪಟ್ಟಿ ಬೇಡ. ಮಗುವಿಗೆ ಬೇರೆ ಅಡುಗೆ, ಅಣ್ಣನಿಗೆ ಬೇರೆ ಅಡುಗೆ ಎಂದರೆ ಒಂದು ವಾರವೂ ನಡೆಯದು. ಬದಲಾಗಬೇಕಾದದ್ದು ಮನೆಯ ಅಡುಗೆ.

ಆಟ ದಿನಕ್ಕೆ 60 ನಿಮಿಷ, ಮೈ ಬೆವರುವಷ್ಟು. ಒಂದೇ ಸಲ ಆಗದಿದ್ದರೆ ಇಪ್ಪತ್ತರ ಮೂರು ಕಂತು. ತುಂಬ ದಪ್ಪ ಮಗುವಿಗೆ ಓಟ, ಹಗ್ಗದಾಟಕ್ಕಿಂತ ಸೈಕಲ್, ಈಜು ಮಂಡಿಗೆ ಹಿತ. ನಿದ್ದೆ 6ರಿಂದ 12 ವರ್ಷಕ್ಕೆ 9ರಿಂದ 12 ಗಂಟೆ, ಹದಿಹರೆಯಕ್ಕೆ 8ರಿಂದ 10. ಊಟದ ಹೊತ್ತಿಗೆ ಮೊಬೈಲ್ ಇಲ್ಲ. ಎಸ್ಸೆಸ್ಸೆಲ್ಸಿ ವರ್ಷ ಆಟ ಬಂದ್ ಆಗುವ ಮನೆಗಳಲ್ಲಿ ತಂದೆಯ ಜೊತೆ ನೇರ ಮಾತಾಡದೆ ಗತ್ಯಂತರವಿಲ್ಲ.

ಔಷಧಿಯ ಬಗ್ಗೆ ಹೌಸ್ ಸರ್ಜನ್‌ಗೆ ಗೊತ್ತಿರಬೇಕಾದದ್ದು ಸ್ವಲ್ಪವೇ: ಮೆಟ್‌ಫಾರ್ಮಿನ್ ಇರುವುದು 10 ದಾಟಿದವರ ಟೈಪ್ 2 ಮಧುಮೇಹಕ್ಕೆ, ಬರೀ ತೂಕ ಇಳಿಸಲು ಅಲ್ಲ. ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದಿನ ಮಾತು 12 ವರ್ಷದ ಮೇಲೆ, ಅದೂ ಹಾರ್ಮೋನ್ ತಜ್ಞರ ಕೈಯಲ್ಲಿ. ಇಂಟರ್‌ನೆಟ್ ನೋಡಿ ಬಂದ ತಂದೆತಾಯಿ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ನಾಲ್ಕನೇ ಮಧ್ಯಾಹ್ನ ಮತ್ತು ಅದರಾಚೆ

ಎಂಟು ನಿಮಿಷದ ಆಸ್ಕಿ (ಕೆಲಸ ಮಾಡಿಸಿ ನೋಡುವ ಪರೀಕ್ಷೆ), 20 ಅಂಕ: ಅಳತೆಗೆ 6, ಚಾರ್ಟಿಗೆ 4, ಮಾತಿಗೆ 10. ಈ ಮೂರರಲ್ಲಿ ಒಂದು ತಪ್ಪು ಮಾಡಿದರೂ, ಉಳಿದ ಅಂಕ ಎಷ್ಟೇ ಇರಲಿ, ಮತ್ತೆ ಪರೀಕ್ಷೆಗೆ ಬರಬೇಕು: ಶೂ ಹಾಕಿಸಿಕೊಂಡೇ ಅಳೆದದ್ದು, ದೊಡ್ಡವರ ಬಿಎಂಐ ಮಿತಿ ಬಳಸಿದ್ದು, ಮಗುವನ್ನೋ ತಾಯಿಯನ್ನೋ ದೂರಿದ್ದು.

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2023ರಲ್ಲಿ ಹೇಳಿದಂತೆ ಫಲ ಕಾಣಲು 3ರಿಂದ 12 ತಿಂಗಳಲ್ಲಿ ಒಟ್ಟು 26 ಗಂಟೆಯಾದರೂ ಎದುರುಬದುರು ಕೂರಬೇಕು. ಐದು ನಿಮಿಷಕ್ಕೊಂದು ಮಗು ನೋಡುವ ನಮ್ಮ ಒಪಿಡಿಯಲ್ಲಿ ಅದು ಆಗದ ಮಾತು. ಶನಿವಾರ ಮಧ್ಯಾಹ್ನ ಎಂಟು ಹತ್ತು ಮನೆಯವರನ್ನು ಒಟ್ಟಿಗೆ ಕೂರಿಸಿ, ಡಯೆಟಿಷಿಯನ್ ಜೊತೆ ಒಂದೂವರೆ ಗಂಟೆ ನಡೆಸಿದರೆ ಹತ್ತಿರಕ್ಕಾದರೂ ಬರಬಹುದು. ನಡೆಸುವ ಹೊಣೆ ಸರದಿಯಂತೆ ಹೌಸ್ ಸರ್ಜನ್‌ಗಳದ್ದೇ ಆಗಲಿ. ಮೊದಲ ಮರುಭೇಟಿ ಎರಡು ವಾರಕ್ಕೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಬಾರದವರಿಗೆ ಫೋನ್ ಮಾಡಬೇಕು, ಮತ್ತು ತೂಕ ಏರಿದೆಯೆಂದು ನಾಚಿಕೊಂಡು ತಪ್ಪಿಸಿಕೊಳ್ಳುವವರೇ ಹೆಚ್ಚು ಎಂಬುದು ಗೊತ್ತಿರಬೇಕು. ‘ತೂಕ ಎಷ್ಟಾದರೂ ಇರಲಿ, ಬನ್ನಿ’ ಎಂಬ ಮಾತನ್ನು ಮೊದಲ ದಿನವೇ ಹೇಳಿ ಕಳಿಸುವುದು ಇದಕ್ಕೇ.

ತರಬೇತಿ ನಾಟಿತೋ ಇಲ್ಲವೋ ಎಂದು ತಿಳಿಯಲು ತಿಂಗಳ ಕೊನೆಗೆ ಒಪಿಡಿಯ 20 ಚೀಟಿ ಎತ್ತಿ ನೋಡಿ, ಕೆಮ್ಮು ಜ್ವರಕ್ಕೆ ಬಂದ ಐದು ವರ್ಷ ಮೇಲ್ಪಟ್ಟವರದ್ದು. ಎತ್ತರ ಬರೆದಿದೆಯೇ, ಬಿಎಂಐ ಚಾರ್ಟಿಗೆ ಹಾಕಿದ್ದಾರೆಯೇ, ಗೆರೆ ದಾಟಿದವರಿಗೆ ಮುಂದಿನ ದಿನಾಂಕ ಕೊಟ್ಟಿದ್ದಾರೆಯೇ? ಎತ್ತರದ ಜಾಗ ಖಾಲಿ ಇದ್ದರೆ ಹುಡುಗರನ್ನು ಬೈಯುವ ಮೊದಲು ಸ್ಟೇಡಿಯೋಮೀಟರ್ ಎಲ್ಲಿದೆ ನೋಡಿ. ಲಸಿಕೆ ಕೋಣೆಯ ಒಳಗಿದ್ದರೆ ಅದನ್ನು ಬಿಚ್ಚಿಸಿ ಚೀಟಿ ಕೊಡುವ ಮೇಜಿನ ಪಕ್ಕ ಹಾಕಿಸಿ.